ಕರಿಬೇವಿನ ಗಿಡ ಮತ್ತು ಹನ್ನೆರಡನೇ ಅಧ್ಯಾಯ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. 30-40ರ ಸೈಟು. ಮನೆ ಕಟ್ಟಿದ ಮೇಲೆ ಹಿಂದೆ ಉಳಿದದ್ದು ಹತ್ತಡಿ ಜಾಗ, ಅದನ್ನೇ ಹಿತ್ತಲು ಅನ್ನುತ್ತೇವೆ. ಒಂದು ಕರಿಬೇವು, ಒಂದು ನಿಂಬೆ, ಎರಡು ದಾಸವಾಳ, ಮೂಲೆಯಲ್ಲಿ ಬಾಳೆ, ಒಂದು ಒಗೆಯುವ ಕಲ್ಲು. ನನಗೀಗ 74 ವರ್ಷ. ನನ್ನ ಕಾದಂಬರಿಗಳಲ್ಲಿ ಕಾಡು ಬಂದಿದೆ, ಹೊಳೆ ಬಂದಿದೆ, ಮಳೆಯಂತೂ ಜಾಸ್ತಿಯೇ ಬಂದಿದೆ. ಈ ಹಿತ್ತಲು ಮಾತ್ರ ಬಂದಿಲ್ಲ. ಒಗ್ಗರಣೆಗೆ ಸೊಪ್ಪು ಕೀಳೋದಕ್ಕೆ, ಬಟ್ಟೆ ಹರವೋದಕ್ಕೆ ಬಿಟ್ಟರೆ ನಾನು ಇತ್ತ ಕಾಲಿಟ್ಟವಳೇ ಅಲ್ಲ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಕೆಲವು ದಿನ ಓದು ಬರಹ ಕಡಿಮೆ ಮಾಡಬೇಕಾಯಿತು. ಆಗ ಹನ್ನೆರಡನೇ ಅಧ್ಯಾಯ ಅರ್ಧಕ್ಕೆ ನಿಂತಿತ್ತು. ನಿಜ ಹೇಳಬೇಕೆಂದರೆ ಕಣ್ಣಿಗೂ ಮೊದಲೇ ನಿಂತಿತ್ತು. ಸುಮ್ನೆ ಕೂರೋಣ ಅಂತ ಹಿತ್ತಲಿಗೆ ಕುರ್ಚಿ ಹಾಕಿಸಿಕೊಂಡೆ. ಪೊರೆ ಹೋದ ಕಣ್ಣಿಗೆ ಎಲ್ಲ ಬಣ್ಣವೂ ಹೊಸದು. ಮಡಿವಾಳ ಹಕ್ಕಿಯ ರೆಕ್ಕೆಯ ಬಿಳಿ ಪಟ್ಟೆ ಅಷ್ಟು ಬಿಳಿ ಅಂತ ನನಗೆ ಗೊತ್ತೇ ಇರಲಿಲ್ಲ.

ಒಂದು ಬೆಳಿಗ್ಗೆ ಕೆಲಸಕ್ಕೆ ಬರುವಾಕೆ ಕರಿಬೇವಿನ ಗಿಡಕ್ಕೆ ನೀರು ಎರಚುತ್ತಿದ್ದಳು. "ಅಮ್ಮಾವ್ರೇ, ಎಲೆ ಮೇಲೆಲ್ಲ ಹಕ್ಕಿ ಹಿಕ್ಕೆ" ಅಂದಳು. ಬಗ್ಗಿ ನೋಡಿದರೆ ಹಿಕ್ಕೆ ಮೆಲ್ಲಗೆ ಎಲೆ ತಿನ್ನುತ್ತಿತ್ತು! ಕಂದು ಮೈ, ನಡುವೆ ಬಿಳಿ ಮಚ್ಚೆ. ಹಿಕ್ಕೆಯ ವೇಷ ಹಾಕಿದವನನ್ನು ಯಾವ ಹಕ್ಕಿ ತಾನೇ ಮುಟ್ಟುತ್ತದೆ? ಆಮೇಲೆ ಪೊರೆ ಕಳಚುತ್ತಾ ಬೆಳೆದು, ಒಂದು ದಿನ ಪೂರ್ತಿ ಹಸಿರಾಯಿತು. ಕಡ್ಡಿಯಿಂದ ಮುಟ್ಟಿದೆ. ತಲೆಯ ಹಿಂದಿನಿಂದ ಕೆಂಪು ಕವಲು ಹೊರಗೆ ಬಂತು, ಜೊತೆಗೆ ಘಾಟು ವಾಸನೆ. ಆಮೇಲೆ ಕೋಶ ಕಟ್ಟಿತು. ಸೊಂಟಕ್ಕೆ ನೂಲಿನ ಪಟ್ಟಿ ಬಿಗಿದುಕೊಂಡು ಕಡ್ಡಿಗೆ ಒರಗಿ ನಿಂತಿತು. ದಿನ ಎಣಿಸಿದೆ. 11ನೇ ಬೆಳಿಗ್ಗೆ ಕಪ್ಪು ಚಿಟ್ಟೆ, ಹಿಂದಿನ ರೆಕ್ಕೆಗೆ ಬಿಳಿ ಮಚ್ಚೆಗಳ ಸಾಲು.

ಇದು ಗಂಡು. ಹೆಣ್ಣಿನ ಕಥೆಯೇ ಬೇರೆ. ಈ ಜಾತಿಯ ಕೆಲವು ಹೆಣ್ಣುಗಳು ಗಂಡಿನ ಹಾಗೇ ಇರುತ್ತವೆ. ಕೆಲವು ಈಶ್ವರಿ ಬಳ್ಳಿ ತಿಂದು ಬೆಳೆದ ವಿಷದ ಚಿಟ್ಟೆಯ ಹಾಗೆ ಕೆಂಪು ಮಚ್ಚೆ ತೊಟ್ಟಿರುತ್ತವೆ. ಇವಕ್ಕೆ ವಿಷವಿಲ್ಲ, ಹಕ್ಕಿಗಳಿಗೆ ಅದು ತಿಳಿಯುವುದಿಲ್ಲ. ಇಂಥ ಪಾತ್ರ ನಾನು ಬರೆದಿದ್ದರೆ ವಿಮರ್ಶಕರು ನಂಬುತ್ತಿರಲಿಲ್ಲ.

ಅಂದಿನಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ದಿನಾಂಕ, ಹೊತ್ತು, ಕಂಡದ್ದು, ಇಷ್ಟೇ. "ಹಾಗೆ", "ಅಂತೆ" ಬರೆಯಬಾರದು ಅಂತ ನಿಯಮ ಮಾಡಿಕೊಂಡಿದ್ದೇನೆ. ಇಷ್ಟು ವರ್ಷ ಹೋಲಿಕೆ ಕಟ್ಟಿಯೇ ಅನ್ನ ತಿಂದವಳಿಗೆ ಇದು ಬಹಳ ಕಷ್ಟ. ಮೊದಲ ವಾರದ ತುಂಬ ಬರೀ ಕಾಟು.

ಎಲ್ಲವೂ ಸುಖವಾಗಿ ನಡೆಯಲಿಲ್ಲ. ದಾಸವಾಳದ ಎಲೆಗಳನ್ನು ಜೇಡರ ನೂಲಿನಿಂದ ಹೊಲಿದು ದರ್ಜಿ ಹಕ್ಕಿ ಗೂಡು ಮಾಡಿತ್ತು. ಸೂಜಿಯ ತೂತುಗಳ ಥರ ಸಾಲಾಗಿ ರಂಧ್ರ (ನೋಡಿ, ಇಲ್ಲೇ ನಿಯಮ ಮುರಿದೆ). ಮೂರು ಮರಿ. ಕುರ್ಚಿಯಿಂದ ಸರಿಯಾಗಿ ಕಾಣಲಿ ಅಂತ ಅಡ್ಡ ಇದ್ದ ಕೊಂಬೆಯನ್ನು ಹುರಿಯಲ್ಲಿ ಎಳೆದು ಕಟ್ಟಿದೆ. ನನಗೆ ಕಂಡದ್ದು ಬೇರೆಯವರಿಗೂ ಕಂಡಿತು. ಮೂರನೇ ದಿನ ಕಾಂಪೌಂಡಿನ ಮೇಲೆ ಕೆಂಬೂತ ಕೂತಿತ್ತು, ಗೂಡು ಹರಿದು ತೂಗುತ್ತಿತ್ತು. ತಾಯಿ ಹಕ್ಕಿ ಸಂಜೆಯವರೆಗೂ ಬಾಯಲ್ಲಿ ಹುಳ ಹಿಡಿದು ಬಂದು ಹೋಗುತ್ತಿತ್ತು. ಹುರಿ ಬಿಚ್ಚಿದೆ, ಆಗೇನು ಪ್ರಯೋಜನ? ಕೆಂಬೂತದ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೂ ಮನೆಯಲ್ಲಿ ಮರಿ ಇದ್ದಿರಬಹುದು.

ಈಗ ಕುರ್ಚಿ ಅಡುಗೆಮನೆ ಬಾಗಿಲ ಬಳಿಯೇ. ಕಂಡರೆ ಕಂಡಿತು. ಬಿದ್ದ ಎಲೆ ಗುಡಿಸಿ ಸುಡುವುದಿಲ್ಲ, ಬಾಳೆಯ ಬುಡಕ್ಕೆ ಹಾಕುತ್ತೇವೆ. ಔಷಧಿ ಹೊಡೆಯುವುದಿಲ್ಲ. ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರು, ದಿನಾ ಬದಲಾಯಿಸುತ್ತೇನೆ. ಇಲ್ಲದಿದ್ದರೆ ಸೊಳ್ಳೆ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಇಲ್ಲಿ, ಎಂಟರಿಂದ ಹತ್ತರವರೆಗೆ ಮೇಜಿಗೆ. ಮೊದಲು ದಿನಕ್ಕೆ ಆರು ಪುಟ ಬರೆಯುತ್ತಿದ್ದೆ, ಈಗ ಒಂದೂವರೆ. ಪ್ರಕಾಶಕರು ಫೋನ್ ಮಾಡಿದರೆ "ನಡೀತಿದೆ" ಅನ್ನುತ್ತೇನೆ.

ನಿನ್ನೆ ಒಂದು ಕೆಂಪು ಮಚ್ಚೆಯವಳು ಕರಿಬೇವಿನ ಚಿಗುರಿಗೆ ಒಂದೊಂದೇ ಮೊಟ್ಟೆ ಇಟ್ಟು ಹೋದಳು. ಇವತ್ತು ಸಾರಿನ ಒಗ್ಗರಣೆಗೆ ಸೊಪ್ಪು ಬೇಕು. ಪಕ್ಕದ ಮನೆಗೆ ಹೋಗಿ ಎರಡು ಎಸಳು ಕೇಳಿದೆ.

"ನಿಮ್ಮನೇಲೇ ಅಷ್ಟು ದೊಡ್ಡ ಗಿಡ ಇದೆಯಲ್ಲ ಆಂಟೀ?" ಅಂದಳು ಆ ಹುಡುಗಿ.

"ಇದೆ ಕಣಮ್ಮ. ಬಾಡಿಗೆಗೆ ಕೊಟ್ಟಿದ್ದೀನಿ" ಅಂದೆ.