ಹಳೆ ಇಂಜಿನ್ ತಂದ್ರಾ? ಹಗ್ಗ ಎಳೀಬೇಡಿ

ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಗೆ ಹಳೆ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್) ಕೊಳ್ಳುವವರು ತುಂಬ ಜನ. "ಎರಡು ವರ್ಷ ಸುಮ್ನೆ ಮೂಲೇಲಿತ್ತು ಅಷ್ಟೇ" ಅಂತ ಮಾರುವವನು ಹೇಳುತ್ತಾನೆ. ತಂದವನಿಗೆ ಒಮ್ಮೆ ಹಗ್ಗ ಎಳೆದು ಸದ್ದು ಕೇಳುವ ಆಸೆ. ನಾನೂ ಹಾಗೇ ಮಾಡಿದವನು. ಅಂಗಳದಲ್ಲಿ ನೀರಿಲ್ಲದೆ ಅರ್ಧ ನಿಮಿಷ ಓಡಿಸಿ ಖುಷಿಪಟ್ಟೆ. ಅಷ್ಟರಲ್ಲಿ ಇಂಪೆಲ್ಲರ್ ಹೋಗಿತ್ತು.

ಇಂಪೆಲ್ಲರ್ ಅಂದರೆ ಇಂಜಿನ್ನಿಗೆ ತಣ್ಣೀರು ಹತ್ತಿಸುವ ರಬ್ಬರ್ ಚಕ್ರ. ಅದರ ಎಸಳುಗಳಿಗೆ ನೀರೇ ಜಾರುಎಣ್ಣೆ. ಇಂಜಿನ್ ವರ್ಷಗಟ್ಟಲೆ ನಿಂತರೆ ಎಸಳು ಬಾಗಿದಲ್ಲೇ ಸೆಟೆದುಕೊಳ್ಳುತ್ತದೆ. ಚೆನ್ನಾಗಿ ಕಂಡರೂ ಹೊಸದು ಹಾಕಿಬಿಡಿ, ಜಾಸ್ತಿ ಯೋಚನೆ ಬೇಡ. ಅದಕ್ಕೆ ಬಿಚ್ಚಬೇಕಾದ ಕೆಳಭಾಗದ ಬೋಲ್ಟ್‌ಗಳು ಉಪ್ಪು ಹಿಡಿದು ಕೂತಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ. ಹಠ ಮಾಡಿ ತಿರುಗಿಸಿದರೆ ಬೋಲ್ಟ್ ಒಳಗೇ ತುಂಡಾಗುತ್ತದೆ, ಆಮೇಲೆ ಅದನ್ನು ತೆಗೆಯುವುದೇ ದೊಡ್ಡ ಕೆಲಸ.

ಗೇರ್ ಆಯಿಲ್ ಇಳಿಸಿ ನೋಡಿ. ಹಾಲು ಹಾಕಿದ ಕಾಫಿಯಂತಿದ್ದರೆ ಒಳಗೆ ನೀರು ಸೇರಿದೆ, ಸೀಲ್ ಬದಲಿಸಬೇಕು. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಿಸಿ. ಮೇಲಿನ ತೂತಿನಲ್ಲಿ ಹೊರಬಂದಾಗ ಮೊದಲು ಮೇಲಿನದನ್ನು ಮುಚ್ಚಿ, ಆಮೇಲೆ ಕೆಳಗಿನದನ್ನು.

ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ನಾಲ್ಕು ಹನಿ 2ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಬಿಡಿ. ಮಾರನೇ ದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ನಿನ ತಲೆಯ ಮೇಲಿನ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಗಡಿಯಾರದ ಮುಳ್ಳಿನ ದಿಕ್ಕಿಗೇ ಕೈಯಿಂದ ತಿರುಗಿಸಿ. ಉಲ್ಟಾ ತಿರುಗಿಸಿದರೆ ಹೊಸ ಇಂಪೆಲ್ಲರ್ ಎಸಳು ಮಡಚಿಕೊಳ್ಳುತ್ತದೆ. ತಿರುಗಲೇ ಇಲ್ಲವಾ? ಅಲ್ಲಿಗೆ ಬಿಟ್ಟು ಮೆಕ್ಯಾನಿಕ್ಕನ್ನು ಕರೆಯಿರಿ.

ಹಳೆ ಪೆಟ್ರೋಲ್ ಪೂರ್ತಿ ತೆಗೆಯಿರಿ. ಅದು ಕಾರ್ಬೊರೇಟರ್‌ನಲ್ಲಿ ಅಂಟಾಗಿ ಕೂತಿರುತ್ತದೆ. ಅದರೊಳಗೆ ಪೆಟ್ರೋಲ್ ಹಾಯುವ ಜೆಟ್‌ನ ಸಣ್ಣ ತೂತಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಬಲೆಯ ನೈಲಾನ್ ನೂಲು ಸಾಕು, ಅದು ನಮ್ಮ ಮನೆಯಲ್ಲಿ ಇದ್ದೇ ಇರುತ್ತದಲ್ವಾ. ಸೀಮೆಎಣ್ಣೆ ಇಂಜಿನ್ ಆದರೂ ಮೊದಲು ಹೊತ್ತಿಸುವುದು ಪೆಟ್ರೋಲ್‌ನಲ್ಲೇ. ಪೆಟ್ರೋಲಿಗೆ 2ಟಿ ಆಯಿಲ್ ಎಷ್ಟು ಬೆರೆಸಬೇಕು ಅನ್ನುವುದು ಇಂಜಿನ್ನಿನ ಪುಸ್ತಕದಲ್ಲಿರುತ್ತದೆ. 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಮಿಲಿ. ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬಿನ ಮೇಲಿನ ಬಾಣ ಇಂಜಿನ್ ಕಡೆ ಇರಲಿ. ಗಟ್ಟಿಯಾಗುವ ತನಕ ಒತ್ತಿ.

ಈಗ ಪ್ರೊಪೆಲ್ಲರ್ ಬಿಚ್ಚಿಟ್ಟು ಇಂಜಿನ್ನನ್ನು ಬಯಲಲ್ಲಿ ನೀರಿನ ಡ್ರಮ್ಮಿಗೆ ಇಳಿಸಿ. ಪ್ರೊಪೆಲ್ಲರಿನ ಮೇಲಿರುವ ಅಗಲ ತಟ್ಟೆ ಮುಳುಗಲಿ. ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಹಾಕಿದ್ದೀರಾ ನೋಡಿ. ಅದಿಲ್ಲದಿದ್ದರೆ ಇಂಜಿನ್ ಹೊತ್ತುವುದಿಲ್ಲ, ಸುಮ್ನೆ ಹಗ್ಗ ಎಳೆದೆಳೆದು ಭುಜ ನೋಯಿಸಿಕೊಂಡವರನ್ನು ಕಂಡಿದ್ದೇನೆ. ಚೋಕ್ ಎಳೆದು ಹಗ್ಗ ಎಳೆಯಿರಿ. ಮೊದಲು ಹೊಗೆ ಬರುತ್ತದೆ, ನೀವು ಬಿಟ್ಟ ಎಣ್ಣೆಯೇ ಅದು. ಕಣ್ಣು ಇರಬೇಕಾದ್ದು ಪಕ್ಕದ ಪುಟ್ಟ ತೂತಿನ ಮೇಲೆ. ಅಲ್ಲಿಂದ ನೀರು ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಿ. ಇಂಪೆಲ್ಲರ್ ಬಿಚ್ಚುವ ಮೊದಲು ಆ ತೂತಿಗೇ ಒಂದು ಕಡ್ಡಿ ಹಾಕಿ ನೋಡಿ. ಮೂಲೆಯಲ್ಲಿದ್ದ ಇಂಜಿನ್ ಅಲ್ವಾ, ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ.