ಏರಿನಲ್ಲಿ ಜಗ್ಗುತ್ತಿದ್ದ ಕಾರು, ಸವೆದ ಸ್ಪಾರ್ಕ್ ಪ್ಲಗ್

ಶಿರಾಡಿ ಘಾಟಿ ಹತ್ತುವಾಗ ನಮ್ಮ ಪೆಟ್ರೋಲ್ ಕಾರು ಜಗ್ಗಿ ಜಗ್ಗಿ ಹೋಗುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗಲೂ ತಡ, ಮೈಲೇಜೂ ಇಳಿದಿತ್ತು. ಪೆಟ್ರೋಲ್ ಸರಿಯಿಲ್ಲ ಅಂದುಕೊಂಡು ಸುಮ್ನೆ ಎರಡು ವಾರ ಕಳೆದೆ.

ಕೊನೆಗೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ತೆಗೆದು, ಪೆಟ್ರೋಲ್‌ಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿಯ ಚೂಪು ಅಂಚು ಸವೆದು ಗುಂಡಗಾಗಿತ್ತು. ಕಿಡಿ ಹಾರುವ ಗ್ಯಾಪ್ ಕಣ್ಣಿಗೇ ಕಾಣುವಷ್ಟು ಜಾಸ್ತಿಯಾಗಿತ್ತು. ಓಡಿದ್ದು 52,000 ಕಿ.ಮೀ.! ಸಾಮಾನ್ಯ ನಿಕಲ್ ಪ್ಲಗ್‌ಗಳನ್ನು ಹೆಚ್ಚಾಗಿ 30ರಿಂದ 40 ಸಾವಿರ ಕಿ.ಮೀ.ಗೆ ಬದಲಿಸುತ್ತಾರೆ. ಇರಿಡಿಯಂ ಲೋಹದ ತುದಿಯ ಪ್ಲಗ್ ಆದರೆ ಲಕ್ಷ ಕಿ.ಮೀ. ಹತ್ತಿರ ಬಾಳಿಕೆ ಬರುತ್ತದೆ. ಕಾರಿನ ಮ್ಯಾನುಯಲ್ ಹೇಳಿದ್ದೇ ಲೆಕ್ಕ.

ನಾಲ್ಕನ್ನೂ ಒಟ್ಟಿಗೇ ಬದಲಿಸಿದೆ. ಹೊಸದನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್ ಹಾಕಿ. ಪ್ಲಗ್ ಕೂರುವ ಥ್ರೆಡ್ (ತಿರುಪಿನ ಗೆರೆ) ಹಾಳಾದರೆ ಎಂಜಿನ್ ಮೇಲ್ಭಾಗದ ಸಿಲಿಂಡರ್ ಹೆಡ್‌ಗೇ ಖರ್ಚು, ಅಲ್ವಾ?

ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.