ಗ್ಯಾರೇಜಿನಲ್ಲಿ ಸೆವೆನ್ ಕಟ್ಟಿದ್ದು

ಕೇಟರ್‌ಹ್ಯಾಮ್ ಸೆವೆನ್ ಕಾರನ್ನು ಇಂಗ್ಲೆಂಡಿನಲ್ಲಿ ಇಂದಿಗೂ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದು. ನಾನು ಹಾಗೆಯೇ ಕೊಂಡೆ. 1.6 ಲೀಟರಿನ ಫೋರ್ಡ್ ಸಿಗ್ಮಾ ಎಂಜಿನ್, ಐದು ಗೇರು. ಛಾವಣಿ ಎಂದರೆ ಪ್ರೆಸ್ ಬಟನ್ ಒತ್ತಿ ಕೂರಿಸುವ ಒಂದು ಬಟ್ಟೆ, ಅಷ್ಟೆ. ಊರಿನಿಂದ ಫೋನ್ ಮಾಡಿದ ಅಪ್ಪ, "ಅಷ್ಟು ದುಡ್ಡು ಕೊಟ್ಟ ಮೇಲೂ ಜೋಡಿಸುವ ಕೆಲಸ ನಿನ್ನದೇ ಏನೋ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು 1950ರ ದಶಕದ ಬ್ರಿಟನ್ನಿನ ತೆರಿಗೆ ಕಾನೂನಿನಲ್ಲಿ.

ಆಗ ಹೊಸ ಕಾರಿನ ಮೇಲೆ ಭಾರಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳ ಮೇಲೆ ಇರಲಿಲ್ಲ. ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ, ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಕುದುರೆಲಾಯದಲ್ಲಿ ಲೋಟಸ್ ಕಂಪನಿ ಶುರು ಮಾಡಿದ್ದ ಕಾಲಿನ್ ಚಾಪ್‌ಮನ್ ಈ ಸಂದನ್ನು ಚೆನ್ನಾಗಿಯೇ ಬಳಸಿಕೊಂಡ. 1957ರಲ್ಲಿ ಬಂದ ಲೋಟಸ್ ಸೆವೆನ್, ಅಂದರೆ ಇಂದಿನ ಕೇಟರ್‌ಹ್ಯಾಮ್ ಸೆವೆನ್‌ನ ಮೂಲ, ಪೂರ್ತಿ ಕಾರಾಗಿ ತೆರಿಗೆ ಸೇರಿ 1,036 ಪೌಂಡ್. ಬಿಡಿಯಾಗಿ ಕೊಂಡರೆ 536 ಪೌಂಡ್. ಜೋಡಿಸುವ ಸೂಚನೆಯನ್ನು ಜೊತೆಗೆ ಕೊಟ್ಟರೆ ಮಾತ್ರ ಅದು 'ಬಿಡಿಭಾಗ' ಎನಿಸುತ್ತಿರಲಿಲ್ಲ. ಅದಕ್ಕೆ ಚಾಪ್‌ಮನ್ ಕಾರನ್ನು ಕಳಚುವುದು ಹೇಗೆ ಎಂಬ ಸೂಚನೆ ಕೊಟ್ಟನಂತೆ. ಕೊಂಡವರು ಕೊನೆಯ ಸಾಲಿನಿಂದ ಮೇಲಕ್ಕೆ ಓದಿಕೊಂಡರಾಯಿತು. ಸೆವೆನ್ ಪ್ರಿಯರು ಈ ಕಥೆಯನ್ನು ಹೇಳಿ ದಣಿಯುವುದಿಲ್ಲ. ನನಗೂ ಇಷ್ಟವೇ.

ಚಾಪ್‌ಮನ್ ಹೆಸರು ಬಂದಲ್ಲೆಲ್ಲ 'ಹಗುರತನದ ತತ್ವ' ಎಂಬ ಮಾತು ಬಂದೇ ಬರುತ್ತದೆ. ಕಾರನ್ನು ಕೈಯಾರೆ ಕಟ್ಟಿದ ಮೇಲೆ ನನಗೆ ಅನ್ನಿಸಿದ್ದು, ಅದರಲ್ಲಿ ತತ್ವಕ್ಕಿಂತ ಜಿಪುಣತನವೇ ಹೆಚ್ಚು. ಮೊದಲ ಸೆವೆನ್‌ನ ತೂಕ ಸುಮಾರು 330 ಕಿಲೋ. ತೆಳ್ಳನೆಯ ಉಕ್ಕಿನ ಕೊಳವೆಗಳ ಚೌಕಟ್ಟು, ಅದಕ್ಕೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡು. ಆ ತಗಡು ಬರೀ ಮುಚ್ಚಳವಲ್ಲ, ಚೌಕಟ್ಟು ಸೆಟೆದು ನಿಲ್ಲುವುದಕ್ಕೆ ಅದೂ ಹೆಗಲು ಕೊಡುತ್ತದೆ. ತಿರುವಿನಲ್ಲಿ ಕಾರು ವಾಲದಂತೆ ತಡೆಯಲು ಮುಂದಿನ ಚಕ್ರಗಳ ನಡುವೆ ಇರುವ ಆಂಟಿ ರೋಲ್ ಬಾರ್, ಚಕ್ರವನ್ನು ಹಿಡಿಯುವ ಮೇಲಿನ ವಿಶ್‌ಬೋನಿನ ಒಂದು ತೋಳಾಗಿಯೂ ದುಡಿಯುತ್ತಿತ್ತು. ಒಂದೇ ಸಂಬಳಕ್ಕೆ ಎರಡು ಕೆಲಸ. ಎಂಜಿನ್ ಸಾಧಾರಣ ಫೋರ್ಡ್ ಕಾರಿನ 1,172 ಸಿಸಿಯದು. 1960ರಲ್ಲಿ ಎರಡನೆಯ ಸರಣಿ ಬಂದಾಗ ಹಿಂದಿನ ಆಕ್ಸಲನ್ನು ಸ್ಟ್ಯಾಂಡರ್ಡ್ ಕಂಪನಿಯ ಸಣ್ಣ ಕಾರಿನಿಂದ ತಂದರು. ಚಾಪ್‌ಮನ್ ಹೊರಿಸಿದ ಭಾರಕ್ಕೆ ಅದರ ಕವಚ ಬಾಗಿ ಎಣ್ಣೆ ಸೋರುತ್ತಿತ್ತು. ಹಳೆಯ ಸೆವೆನ್ ಇಟ್ಟುಕೊಂಡವರು ಇಂದಿಗೂ ಆ ಆಕ್ಸಲಿನ ಹೆಸರೆತ್ತಿದರೆ ಮುಖ ಕಿವುಚುತ್ತಾರೆ.

ಈ ಎರವಲು ಪದ್ಧತಿ ಇನ್ನೂ ನಿಂತಿಲ್ಲ. 2013ರ ಕೊನೆಗೆ ಬಂದ ಸೆವೆನ್ 160 ಮಾದರಿಗೆ ಸುಜುಕಿಯ 660 ಸಿಸಿ ಮೂರು ಸಿಲಿಂಡರಿನ ಟರ್ಬೊ ಎಂಜಿನ್ ಹಾಕಿದರು, ಹಿಂದಿನ ಆಕ್ಸಲೂ ಸುಜುಕಿಯದೇ. ಮಾರುತಿ ಆಮ್ನಿಯಲ್ಲಿ ಬೆಳೆದವನಿಗೆ ಆ ಕಾರು ಸ್ಟಾರ್ಟ್ ಆದಾಗ ಕಿವಿ ನೆಟ್ಟಗಾಗುವುದು ಸಹಜ.

ಲೋಟಸ್ ಮಾತ್ರ ಇಷ್ಟು ಹೊತ್ತಿಗೆ ಸೆವೆನ್‌ನಿಂದ ಕೈ ತೊಳೆದುಕೊಂಡು ಬಹಳ ಕಾಲವಾಗಿತ್ತು. ನಾಲ್ಕನೆಯ ಸರಣಿಯಲ್ಲಿ ಅಲ್ಯೂಮಿನಿಯಂ ಬಿಟ್ಟು ಫೈಬರ್‌ಗ್ಲಾಸ್ ಮೈ ಮಾಡಿ, ಸಮುದ್ರತೀರದ ವಿಹಾರಕ್ಕೆ ಹೊರಟಂತೆ ರೂಪ ಬದಲಿಸಿದ್ದರು. ನನ್ನ ಕಣ್ಣಿಗೆ ಅದು ಸೆವೆನ್ನೇ ಅಲ್ಲ. 1973ರಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು, ಬಿಡಿಯಾಗಿ ಕೊಳ್ಳುವುದರ ತೆರಿಗೆ ಲಾಭವೂ ಹೋಯಿತು. ಅದೇ ವರ್ಷ ಸರ‍್ರೆ ಕೌಂಟಿಯ ಕೇಟರ್‌ಹ್ಯಾಮ್ ಊರಿನಲ್ಲಿ ಸೆವೆನ್ ಮಾರುತ್ತಿದ್ದ ಗ್ರಹಾಂ ನಿಯರ್ನ್ ಅದರ ಹಕ್ಕನ್ನೇ ಕೊಂಡುಬಿಟ್ಟರು. ಮರುವರ್ಷ ನಾಲ್ಕನೆಯ ಸರಣಿಯನ್ನು ಬದಿಗಿಟ್ಟು ಮೂರನೆಯದಕ್ಕೆ ಮರಳಿದರು. ಮುಂದಕ್ಕೆ ಹೋಗಲು ಹಿಂದಕ್ಕೆ ಬಂದ ಈ ನಿರ್ಧಾರ ಇಲ್ಲದಿದ್ದರೆ ಸೆವೆನ್ ಮ್ಯೂಸಿಯಂ ಸೇರಿರುತ್ತಿತ್ತು.

ಇನ್ನು ಕಟ್ಟುವ ಕೆಲಸ. ಈಗಿನ ಪೆಟ್ಟಿಗೆಗಳ ಜೊತೆ ಪುಸ್ತಕ ಬರುತ್ತದೆ, ತಲೆಕೆಳಗಾಗಿ ಓದಬೇಕಿಲ್ಲ. ವೈರಿಂಗ್, ಬ್ರೇಕಿನ ಕೊಳವೆಗಳು ಚಾಸಿಯಲ್ಲಿ ಮೊದಲೇ ಕೂತಿರುತ್ತವೆ. ಮುಂದಿನ ಸಸ್ಪೆನ್ಷನ್, ಸ್ಟೀರಿಂಗ್ ರ‍್ಯಾಕ್ ಎಲ್ಲ ಸಲೀಸು. ಬೆವರು ಇಳಿಸುವುದು ಡಿಫರೆನ್ಷಿಯಲ್, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಗೂಡು.

1980ರ ದಶಕದಲ್ಲಿ ಕೇಟರ್‌ಹ್ಯಾಮ್ ಹಳೆಯ ಗಟ್ಟಿ ಆಕ್ಸಲಿನ ಜೊತೆಗೆ ಡಿ ಡಿಯಾನ್ ಎಂಬ ಹಿಂಬದಿ ವ್ಯವಸ್ಥೆಯನ್ನೂ ತಂದಿತು. ಎರಡು ಚಕ್ರಗಳನ್ನು ಒಂದು ಕೊಳವೆ ಹಿಡಿದಿರುತ್ತದೆ; ಭಾರದ ಡಿಫರೆನ್ಷಿಯಲ್ ಚಕ್ರಗಳ ಜೊತೆ ಕುಣಿಯದೆ ಚಾಸಿಗೇ ನೇತುಬಿದ್ದಿರುತ್ತದೆ. ಓಟಕ್ಕೆ ಒಳ್ಳೆಯದು. ಕಟ್ಟುವವನಿಗೆ ಬೇರೆ ಕಥೆ. ಆ ಕಬ್ಬಿಣದ ಗಡ್ಡೆಯನ್ನು ಕಿರಿದಾದ ಗೂಡಿನೊಳಗೆ ಎತ್ತಿ ಹಿಡಿದು, ಅದರ ಮೇಲ್ಭಾಗದಲ್ಲಿ ಒಂದು ಉದ್ದ ಬೋಲ್ಟನ್ನು ಅಡ್ಡಲಾಗಿ ತೂರಿಸಬೇಕು. ಅದು ನಟ್ಟನಡುವೆ ನಿಲ್ಲಲು ಎರಡೂ ಬದಿಗೆ ಅಳೆದು ವಾಷರ್ ತುಂಬಬೇಕು. ವಾಷರ್ ಹೋಗಬೇಕಾದ ಜಾಗಕ್ಕೆ ಬೆರಳು ಹೋಗುವುದಿಲ್ಲ. ಗ್ರೀಸ್ ಬಳಿದು ಅಂಟಿಸಿದರೆ ಬೋಲ್ಟಿನ ಮೂತಿ ತಗಲಿದ ಕೂಡಲೇ ಜಾರಿ ಎಲ್ಲೋ ಟಣ್ ಎನ್ನುತ್ತದೆ. ಕೊನೆಗೆ ನನಗೆ ಒದಗಿದ ಉಪಾಯ: ವಾಷರುಗಳನ್ನೆಲ್ಲ ಒಟ್ಟಿಗೆ ಟೇಪಿನ ಪಟ್ಟಿಯಲ್ಲಿ ಸುತ್ತಿ, ಪಟ್ಟಿಯ ತುದಿಯನ್ನು ಬಾಲದಂತೆ ಹೊರಗೆ ಬಿಟ್ಟು ಇಳಿಸಿ, ಬೋಲ್ಟು ದಾಟಿದ ಮೇಲೆ ಬಾಲ ಎಳೆದುಬಿಡುವುದು. ಅಕ್ಕಪಕ್ಕದ ಕೊಳವೆಗಳ ಬಣ್ಣ ಉಳಿಯಬೇಕಾದರೆ ಮೊದಲೇ ಅವಕ್ಕೆ ಹಳೆಯ ಕಂಬಳಿ ಸುತ್ತಿರಬೇಕು.

ಇದರ ಮುಂದೆ ಎಂಜಿನ್ ಇಳಿಸುವುದು ಹಬ್ಬದ ಊಟ. ಗೇರ್‌ಬಾಕ್ಸನ್ನು ಜೋಡಿಸಿಕೊಂಡೇ, ಬಾಲದ ಕಡೆ ತಗ್ಗಿಸಿ, ಬಾಡಿಗೆಗೆ ತಂದ ಕ್ರೇನಿನಿಂದ ಇಳಿಬಿಟ್ಟರೆ ಆಯಿತು. ಹಿಡಿದು ನಿಲ್ಲಲು ಇಬ್ಬರು ಗೆಳೆಯರಿದ್ದರೆ ಸಾಕು.

ರಸ್ತೆಗೆ ಇಳಿಸುವ ಮುನ್ನ ಸರ್ಕಾರದ ತಪಾಸಣೆ ಪಾಸಾಗಬೇಕು. 2009ರಿಂದ ಇದು ಐವಿಎ (ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್) ಎಂಬ ಹೆಸರಿನಲ್ಲಿ ನಡೆಯುತ್ತದೆ. ಬ್ರೇಕ್, ಹೊಗೆ, ದೀಪ ಎಲ್ಲ ನೋಡುತ್ತಾರೆ, ಆದರೆ ಸೆವೆನ್‌ಗೆ ಕಂಟಕವಾಗುವುದು ಚೂಪು ಅಂಚುಗಳು. ಹೊರಗೆ ಚಾಚಿದ ಅಂಚು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಚಕ್ರ, ಸಸ್ಪೆನ್ಷನ್ ಎಲ್ಲ ಬಯಲಿಗೇ ಬಿದ್ದಿರುವ ಕಾರಿನಲ್ಲಿ ಎಷ್ಟು ನಟ್ಟುಗಳಿರಬಹುದು, ಊಹಿಸಿಕೊಳ್ಳಿ. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಟೋಪಿ, ತಗಡಿನ ತುದಿಗೆಲ್ಲ ರಬ್ಬರ್ ಅಂಚುಪಟ್ಟಿ. ನನ್ನ ಕಾರನ್ನು ತಪಾಸಣೆ ಮಾಡಿದ ಅಧಿಕಾರಿ ಮಂಡಿಯೂರಿ ಕೂತು, ಡ್ಯಾಶ್‌ಬೋರ್ಡಿನ ಅಡಿಗೆಲ್ಲ ಕೈಯಾಡಿಸಿ, ಬಾಯಲ್ಲಿ ಒಂದು ಮಾತಿಲ್ಲದೆ ಪಾಸ್ ಎಂದು ಬರೆದುಕೊಟ್ಟರು.

ಟ್ರ್ಯಾಕಿನಲ್ಲಿ ಸೆವೆನ್‌ನ ಗುಣದೋಷ ಎರಡೂ ಒಂದೇ ಸುತ್ತಿನಲ್ಲಿ ಬಯಲಾಗುತ್ತವೆ. ಕಾಡ್‌ವೆಲ್ ಪಾರ್ಕ್ ಎಂಬ ರೇಸ್ ಟ್ರ್ಯಾಕಿನಂಥ ಇಕ್ಕಟ್ಟಿನ, ತಿರುವು ತುಂಬಿದ ಜಾಗದಲ್ಲಿ ಇದರ ಎರಡರಷ್ಟು ಶಕ್ತಿಯ ಕಾರುಗಳೂ ಕನ್ನಡಿಯಲ್ಲಿ ಸಣ್ಣಗಾಗುತ್ತವೆ. ಉದ್ದನೆಯ ನೇರ ದಾರಿ ಬಂತೋ, ಅವೇ ಕಾರುಗಳು ದಾಟಿ ಹೋಗುತ್ತವೆ. ನೆಟ್ಟಗೆ ನಿಂತ ಮುಂದಿನ ಗಾಜು, ಮೈಯಿಂದ ಹೊರಗಿರುವ ಚಕ್ರ, ದೊಡ್ಡ ದೀಪ. ಗಾಳಿಯನ್ನು ಸೀಳಿ ಹೋಗುವ ಆಕಾರ ಇದರದಲ್ಲ. ವೇಗ ಏರಿದಂತೆ ಮುಂಭಾಗ ತುಸು ಮೇಲೇಳುವುದು ಸ್ಟೀರಿಂಗಿನಲ್ಲೇ ತಿಳಿಯುತ್ತದೆ. ಆದರೆ ದಿನವಿಡೀ ಓಡಿಸಿದರೂ ಟೈರು, ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆ. ಐನೂರು ಚಿಲ್ಲರೆ ಕಿಲೋ ನಿಲ್ಲಿಸಲು ಎಷ್ಟು ತಾನೇ ಬೇಕು? ಭಾರದ ಕಾರಿನವರು ಮಧ್ಯಾಹ್ನಕ್ಕೆ ಬ್ರೇಕ್ ಕಾದು ಮನೆಗೆ ಹೊರಟಾಗ ಜಿಪುಣತನದ ಬಡ್ಡಿ ಕೈಗೆ ಬರುತ್ತದೆ.

ಕೊಳ್ಳುವ ಮನಸ್ಸಿದ್ದವರು ಮುಂಗಡ ಕೊಡುವ ಮೊದಲು ಒಮ್ಮೆ ಒಳಗೆ ಕೂತು ನೋಡಿ. ಎತ್ತರದವರಿಗೆ, ಮೈಕಟ್ಟು ದಪ್ಪ ಇರುವವರಿಗೆ ಎಸ್‌ವಿ ಎಂಬ ಅಗಲ ಚಾಸಿ ಇದೆ. ಕೂರುವಾಗ ಚಪ್ಪಟೆ ಅಡಿಯ, ಕಿರಿದಾದ ಶೂ ಹಾಕಿಕೊಂಡಿರಿ. ಪೆಡಲುಗಳ ನಡುವಿನ ಜಾಗ ಎಷ್ಟು ಕಡಿಮೆಯೆಂದರೆ, ಸಾಧಾರಣ ಬೂಟು ತೊಟ್ಟರೆ ಬ್ರೇಕಿನ ಜೊತೆ ಆಕ್ಸಿಲರೇಟರನ್ನೂ ಒತ್ತುತ್ತೀರಿ.